ಆರು ಪ್ರಶ್ನೆ, ನಾಲ್ಕು ಉತ್ತರ: ಅಂಗವೈಕಲ್ಯದ ಸರ್ವೇ ಬೇರೆ ದೇಶದ ಡೇಟಾ ಜೊತೆ ತಾಳೆ ಆಗೋ ಹಾಗೆ ಮಾಡೋದು ಹೇಗೆ

ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ ಯಲ್ಲಾಪುರ ಕಡೆ, ಸರ್ವೇ ಮಾಡೋ ಸಂಸ್ಥೆಯವರು, ಎಂಎಸ್‌ಡಬ್ಲ್ಯು (ಸಮಾಜಕಾರ್ಯ) ಓದೋ ಹುಡುಗ್ರು ತಂದು ತೋರ್ಸೋ ಶೀಟ್ ನೋಡಿದ್ರೆ ಹೊಸ ತಪ್ಪು ಅಂತ ಸಿಗೋದೇ ಅಪರೂಪ, ಎಲ್ಲಾ ಅದದೇ. ಪ್ರಶ್ನೆ ವಾಷಿಂಗ್ಟನ್ ಗ್ರೂಪಿಂದು ಅಂತ ಮೇಲೆ ಬರ್ದಿರ್ತಾರೆ, ಒಳಗೆ ನೋಡಿದ್ರೆ ಮೊದಲ್ನೇ ಪ್ರಶ್ನೆನೇ "ಮನೇಲಿ ಅಂಗವಿಕಲರು ಇದ್ದಾರಾ, ಹೌದು / ಇಲ್ಲ". ಅಲ್ಲಿಗೆ ಮುಗೀತು. ಆಮೇಲೆ ಎಷ್ಟೇ ಚೆನ್ನಾಗಿ ಚಾರ್ಟ್ ಮಾಡಿದ್ರೂ ಆ ನಂಬರ್ ಬೇರೆ ಯಾವ ದೇಶದ ನಂಬರ್ ಪಕ್ಕ ಇಡೋಕೂ ಬರಲ್ಲ.

ಹಾಗಾಗಿ ಶುರುವಿಂದ ಕೊನೆವರೆಗೆ ಯಾವ ಕೆಲಸ ಆದ್ಮೇಲೆ ಯಾವ್ದು, ಎಲ್ಲಿ ಕೈ ಕೊಡ್ತದೆ ಅಂತ ಇಲ್ಲಿ ಬರ್ದಿದೀನಿ. ವಾಷಿಂಗ್ಟನ್ ಗ್ರೂಪ್ ಅಂದ್ರೆ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗದ ಕೆಳಗೆ ಕೆಲಸ ಮಾಡೋ ಗುಂಪು, ಎಲ್ಲಾ ದೇಶದಲ್ಲೂ ಒಂದೇ ಥರ ಕೇಳೋಕೆ ಅಂತ ಮಾಡಿದ ಅವರ ಆರು ಪ್ರಶ್ನೆ ಸೆಟ್ಟಿಗೆ ಶಾರ್ಟ್ ಸೆಟ್ ಅಂತಾರೆ, ಇಷ್ಟು ಗೊತ್ತಿದ್ರೆ ಸಾಕು.

ಹಂತ 1: ಈ ಡೇಟಾ ಯಾವ್ದಕ್ಕೆ ಅಂತ ಮೊದ್ಲು ತೀರ್ಮಾನ ಮಾಡಿ

ಈ ಆರು ಪ್ರಶ್ನೆಯಿಂದ ಯಾರಿಗೆ ಪಿಂಚಣಿ ಕೊಡಬೇಕು, ಯಾರಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಸಿಗಬೇಕು ಅಂತ ಹೇಳೋಕೆ ಆಗಲ್ಲ. ಅದು ಬೇರೆ ದಾರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯದ 21 ವಿಧ ಇವೆ, ಡಾಕ್ಟ್ರು ನೋಡಿ ಪರ್ಸೆಂಟೇಜ್ ಬರೀತಾರೆ, 40 ಪರ್ಸೆಂಟ್ ಅಥವಾ ಜಾಸ್ತಿ ಇದ್ರೆ ಹೆಚ್ಚಿನ ಸೌಲಭ್ಯ ಬರ್ತದೆ. ಇಲ್ಲಿ ಕಾಯಿಲೆ ಹೆಸರೇ ಕೇಳಲ್ಲ. ನೋಡೋದು, ಕೇಳೋದು, ನಡೆಯೋದು ಇಂಥ ದಿನದ ಕೆಲಸದಲ್ಲಿ ಕಷ್ಟ ಎಷ್ಟು ಅಂತ ಅಷ್ಟೇ ಕೇಳೋದು. ಕಷ್ಟ ಇರೋರಿಗೂ ಇಲ್ಲದವರಿಗೂ ಶಾಲೆ, ಕೆಲಸ, ಶೌಚಾಲಯ, ಬ್ಯಾಂಕ್ ಖಾತೆ ಇದ್ರಲ್ಲೆಲ್ಲ ಎಷ್ಟು ಅಂತರ ಇದೆ ಅಂತ ತೋರ್ಸೋಕೆ ಈ ಡೇಟಾ.

ನಿಮ್ಗೆ ಬೇಕಾಗಿರೋದು ಫಲಾನುಭವಿ ಪಟ್ಟಿ ಆಗಿದ್ರೆ ಇಲ್ಲೇ ನಿಲ್ಲಿ, ಪಂಚಾಯ್ತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹತ್ರ ಹೋಗಿ. ಆದ್ರೆ ಆ ವಿಆರ್‌ಡಬ್ಲ್ಯು ಪಟ್ಟಿ ತಗೊಂಡು ಅದ್ರಲ್ಲಿರೋ ಮನೆಗೆ ಮಾತ್ರ ಹೋಗಿ ಸರ್ವೇ ಮಾಡ್ಬೇಡಿ. ಸರ್ಟಿಫಿಕೇಟ್ ಮಾಡ್ಸೋಕೆ ಬಸ್ ಹತ್ತಿ ಆಸ್ಪತ್ರೆಗೆ ಹೋಗೋಕಾದವರೇ ಹೆಚ್ಚಾಗಿ ಅದ್ರಲ್ಲಿ ಇರ್ತಾರೆ, ಜೋಯಿಡಾದ ಒಳಗಿನ ಮಜರೆಯ ಮುದುಕಿ ಇರಲ್ಲ.

ಹಂತ 2: ಯಾವ ಸೆಟ್ ಅಂತ ಆರಿಸ್ಕೊಳ್ಳಿ

ಶಾರ್ಟ್ ಸೆಟ್ 5 ವರ್ಷ ಮತ್ತೆ ಮೇಲಿನವರಿಗೆ. ಆದ್ರೆ ಮಕ್ಕಳಲ್ಲಿ, ಅದ್ರಲ್ಲೂ ಬುದ್ಧಿ ಬೆಳವಣಿಗೆ, ನಡವಳಿಕೆ, ಕಲಿಕೆ ಕಡೆಯ ಕಷ್ಟನ ಇದು ಸರಿಯಾಗಿ ಹಿಡಿಯಲ್ಲ. ಶಾಲೆ ಅಂಗನವಾಡಿ ಮೇಲೆ ಸರ್ವೇ ಆದ್ರೆ ಯುನಿಸೆಫ್ ಜೊತೆ ಸೇರಿ ಮಾಡಿದ ಚೈಲ್ಡ್ ಫಂಕ್ಷನಿಂಗ್ ಮಾಡ್ಯೂಲ್ ತಗೊಳ್ಳಿ, ಅದ್ರಲ್ಲಿ 2ರಿಂದ 4 ವರ್ಷಕ್ಕೆ ಒಂದು, 5ರಿಂದ 17ಕ್ಕೆ ಇನ್ನೊಂದು ಫಾರ್ಮ್ ಇದೆ, ಎರಡಕ್ಕೂ ಉತ್ತರ ತಾಯಿ ಅಥವಾ ಸಾಕ್ತಿರೋರ ಹತ್ರ ಕೇಳ್ಬೇಕು, ಟೀಚರ್ ಹತ್ರ ಅಲ್ಲ.

ಇನ್ನೊಂದು ತೂತು ಮಾನಸಿಕ ಆರೋಗ್ಯ. ಆತಂಕ, ಖಿನ್ನತೆ ಆರು ಪ್ರಶ್ನೆಯಲ್ಲಿ ಇಲ್ಲ. ಅದು ಬೇಕೇ ಬೇಕು ಅಂದ್ರೆ ಎನ್‌ಹ್ಯಾನ್ಸ್ಡ್ ಸೆಟ್ ಇದೆ, 12 ಪ್ರಶ್ನೆ. ಏಳನೇ ಪ್ರಶ್ನೆ ನೀವೇ ಹುಟ್ಟಿಸಿ "ತಲೆ ಸರಿ ಇದೆಯಾ" ಅಂತ ಬರೀಬೇಡಿ. ಹಾಗೆ ಬರೆದ ಫಾರ್ಮೂ ಬಂದಿದ್ದುಂಟು ಮಾರಾಯ್ರೆ.

ಹಂತ 3: ಪ್ರಶ್ನೆನ ನಮ್ಮ ಮಾತಿಗೆ ತನ್ನಿ, ಆದ್ರೆ ಅಲುಗಾಡಿಸ್ಬೇಡಿ

ಮೊದ್ಲು ವಾಷಿಂಗ್ಟನ್ ಗ್ರೂಪ್ ವೆಬ್‌ಸೈಟಲ್ಲಿ ನಿಮ್ಗೆ ಬೇಕಾದ ಭಾಷೆದು ಇದೆಯಾ ನೋಡಿ, ಇದ್ರೆ ಅದನ್ನೇ ಹಿಡೀರಿ. ನೀವೇ ಮಾಡ್ಬೇಕಾಗಿ ಬಂದ್ರೆ ಇಬ್ರು ಬೇರೆ ಬೇರೆ ಕೂತು ಮಾಡಿ, ಮೂರನೆಯವರು ಎರಡೂ ಎದುರಿಟ್ಟು ಕೂಡಿಸ್ಲಿ. ಗೂಗಲ್‌ಗೆ ಹಾಕಿ ತೆಗೆದದ್ದು ಬೇಡ. ಕೆಳಗಿನದು ನಮ್ಮ ಕಡೆ ಮಾತಿಗೆ ಹತ್ರ ಇರೋ ಕರಡು, ಇದನ್ನೂ ನಿಮ್ಮ ಊರಲ್ಲಿ ಪರೀಕ್ಷೆ ಮಾಡದೆ ಬಳಸ್ಬೇಡಿ:

ಪೀಠಿಕೆ: ಆರೋಗ್ಯದ ತೊಂದರೆಯಿಂದಾಗಿ ಕೆಲವು ಕೆಲಸ ಮಾಡೋಕೆ ನಿಮ್ಗೆ ಕಷ್ಟ ಆಗಬಹುದು, ಮುಂದಿನ ಪ್ರಶ್ನೆಗಳು ಅದ್ರ ಬಗ್ಗೆ.

1. ಕನ್ನಡಕ ಹಾಕ್ಕೊಂಡ್ರೂ ನೋಡೋಕೆ ನಿಮ್ಗೆ ಕಷ್ಟ ಆಗ್ತದಾ?
2. ಕಿವಿ ಮಿಷನ್ ಹಾಕ್ಕೊಂಡ್ರೂ ಕೇಳಿಸ್ಕೊಳ್ಳೋಕೆ ಕಷ್ಟ ಆಗ್ತದಾ?
3. ನಡೆಯೋಕೆ ಅಥವಾ ಮೆಟ್ಲು ಹತ್ತೋಕೆ ಕಷ್ಟ ಆಗ್ತದಾ?
4. ನೆನಪಿಟ್ಕೊಳ್ಳೋಕೆ ಅಥವಾ ಒಂದು ವಿಷಯದ ಮೇಲೆ ಗಮನ ಇಡೋಕೆ ಕಷ್ಟ ಆಗ್ತದಾ?
5. ಮೈ ಪೂರ್ತಿ ತೊಳ್ಕೊಳ್ಳೋದು, ಬಟ್ಟೆ ಹಾಕ್ಕೊಳ್ಳೋದು, ಇಂಥ ನಿಮ್ಮ ಮೈಕೆಲಸ ನೀವೇ ಮಾಡ್ಕೊಳ್ಳೋಕೆ ಕಷ್ಟ ಆಗ್ತದಾ?
6. ನೀವು ದಿನಾ ಆಡೋ ಭಾಷೇಲಿ, ಬೇರೆಯವರು ಹೇಳಿದ್ದು ನಿಮ್ಗೆ ತಿಳಿಯೋಕೆ ಅಥವಾ ನೀವು ಹೇಳಿದ್ದು ಅವ್ರಿಗೆ ತಿಳಿಯೋಕೆ ಕಷ್ಟ ಆಗ್ತದಾ?

ಉತ್ತರ ನಾಲ್ಕೇ: ಇಲ್ಲ, ಕಷ್ಟ ಇಲ್ಲ / ಹೌದು, ಸ್ವಲ್ಪ ಕಷ್ಟ / ಹೌದು, ತುಂಬಾ ಕಷ್ಟ / ಮಾಡೋಕೆ ಆಗೋದೇ ಇಲ್ಲ.

ಇಲ್ಲಿ ಜನ ಕೈ ಹಾಕಿ ಕೆಡ್ಸೋ ಜಾಗ ಯಾವ್ದು ಅಂದ್ರೆ, ಒಂದು, ಕನ್ನಡಕ ಮತ್ತೆ ಕಿವಿ ಮಿಷನ್ ಮಾತು ಉದ್ದ ಆಯ್ತು ಅಂತ ತೆಗೆದು ಬಿಡೋದು. ತೆಗೆದ್ರೆ 45 ದಾಟಿದ ಅರ್ಧ ಊರು ಕಷ್ಟ ಇದೆ ಅಂತ ಬರ್ತದೆ. ಎರಡು, ಸಮಾನತೆ ಇರ್ಲಿ ಅಂತ ನಡೆಯೋ ಪ್ರಶ್ನೆಗೂ "ಕೋಲು ಹಿಡ್ಕೊಂಡ್ರೂ" ಅಂತ ಸೇರಿಸೋದು. ಸೇರಿಸ್ಬೇಡಿ, ನಡಿಗೆದು ಕೋಲು, ವಾಕರ್, ಇನ್ನೊಬ್ರ ಕೈ ಯಾವ್ದೂ ಇಲ್ಲದೆ ಎಷ್ಟು ಕಷ್ಟ ಅಂತ್ಲೇ ಲೆಕ್ಕ. ಮೂರು, "ಮೆಟ್ಲು" ಜಾಗದಲ್ಲಿ ಶಿರಸಿ ಸಿದ್ದಾಪುರ ಕಡೆಯವರು "ಗುಡ್ಡ" ಅಥವಾ "ದರೆ ಹತ್ತೋದು" ಅಂತ ಬರೀತಾರೆ. ದರೆ ಹತ್ತೋವಾಗ ಇಪ್ಪತ್ತೈದರ ಹುಡುಗ್ನೂ ಏದುಸಿರು ಬಿಡ್ತಾನೆ.

ಆರನೇ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡ್ತದೆ. ಮಾಜಾಳಿ ಕಡೆ ಕೊಂಕಣಿ ಬಿಟ್ಟು ಬೇರೆ ಆಡದ ಹೆಂಗಸಿನ ಹತ್ರ ಕನ್ನಡದಲ್ಲಿ ಕೇಳಿ, ಆಕೆ ತಬ್ಬಿಬ್ಬಾದ್ರೆ "ತುಂಬಾ ಕಷ್ಟ" ಅಂತ ಒತ್ತೋದು. ಭಟ್ಕಳದಲ್ಲಿ ನವಾಯತಿ, ಹಳಿಯಾಳ ಕಡೆ ಮರಾಠಿ, ಹೀಗೆ ಎಲ್ಲಾ ಕಡೆ ಇದೇ ಕಥೆ. ಸರ್ವೇ ಹುಡುಗಿಗೆ ಭಾಷೆ ಬರದೆ ಇರೋದು ಆ ಮನುಷ್ಯರ ಕಷ್ಟ ಅಲ್ಲ. ಅಂದ್ರೆ ಟೀಮಲ್ಲಿ ಆ ಊರಿನ ಭಾಷೆ ಆಡೋರು ಇರ್ಬೇಕು, ಫಾರ್ಮೂ ಆ ಭಾಷೇಲಿ ಕನ್ನಡ ಲಿಪಿಯಲ್ಲಾದ್ರೂ ಬರೆದಿರ್ಬೇಕು, ನಿಂತ ಜಾಗದಲ್ಲಿ ಬಾಯಲ್ಲೇ ಭಾಷಾಂತರ ಮಾಡೋಕೆ ಬಿಟ್ರೆ ಹತ್ತು ಜನ ಹತ್ತು ಥರ ಕೇಳ್ತಾರೆ.

ಹಂತ 4: ಮೊಬೈಲ್ ಫಾರ್ಮ್ ಕಟ್ಟೋದು

ಬೇಕಾಗೋದು: ಒಂದು ಸಾಧಾರಣ ಆಂಡ್ರಾಯ್ಡ್ ಫೋನ್, ಕೋಬೋ ಟೂಲ್‌ಬಾಕ್ಸ್ ಅಥವಾ ಒಡಿಕೆ (ಫೋನಲ್ಲಿ ಸರ್ವೇ ಫಾರ್ಮ್ ತುಂಬೋ ಆ್ಯಪ್), ಪವರ್ ಬ್ಯಾಂಕ್, ನಾಲ್ಕು ಉತ್ತರ ದೊಡ್ಡಕ್ಷರದಲ್ಲಿ ಬರೆದ ಒಂದು ರಟ್ಟು. ಎರಡು ಆ್ಯಪೂ ನೆಟ್‌ವರ್ಕ್ ಇಲ್ದೆ ನಡೀತವೆ, ಜೋಯಿಡಾ ಯಲ್ಲಾಪುರ ಕಾಡೊಳಗೆ ತುಂಬಿ ಸಂಜೆ ಪೇಟೆಗೆ ಬಂದು ಕಳಿಸಿದ್ರೆ ಆಯ್ತು. ಪೇಪರ್ ಫಾರ್ಮೂ ಒಂದಿಷ್ಟು ಬ್ಯಾಗಲ್ಲಿ ಇರ್ಲಿ, ಪ್ಲಾಸ್ಟಿಕ್ ಕವರ್ ಸಮೇತ.

ಫಾರ್ಮಲ್ಲಿ ಮೊದ್ಲು ಮನೆ ಸದಸ್ಯರ ಪಟ್ಟಿ ಆಗ್ಬೇಕು. "ಈ ಮನೇಲಿ ಉಂಡು ಮಲಗೋರು ಯಾರ್ಯಾರು, ಹಾಸಿಗೆ ಹಿಡಿದವರು, ಮಕ್ಕಳು, ಮುದುಕ್ರು ಎಲ್ಲಾ ಸೇರಿ" ಅಂತ ಕೇಳಿ. ಒಳಕೋಣೆಲಿರೋ ತಮ್ಮನ ಹೆಸ್ರು ಎಷ್ಟೋ ಮನೇಲಿ ತಾನಾಗೇ ಬರಲ್ಲ. ಪಟ್ಟಿಲಿ ಬಿಟ್ಟು ಹೋದವರು ಆಮೇಲೆ ಎಲ್ಲೂ ಬರಲ್ಲ. ವಯಸ್ಸು, ಲಿಂಗ, ಓದು ಆದ್ಮೇಲೆ ಕೂಡ್ಲೇ ಈ ಆರು ಪ್ರಶ್ನೆ ಬರ್ಲಿ. ಆರೋಗ್ಯದ ಭಾಗ ಇದ್ರೆ ಅದ್ರ ಶುರುವಲ್ಲಿ ಇಡಿ. ಪಿಂಚಣಿ, ಸರ್ಟಿಫಿಕೇಟ್, ಕಾಯಿಲೆ ಹೆಸ್ರು ಕೇಳೋ ಪ್ರಶ್ನೆ ಇದ್ರೆ ಇವುಗಳ ನಂತ್ರ, ಮುಂಚೆ ಇಟ್ರೆ ಜನ ಉತ್ತರನ ಅದಕ್ಕೆ ತಕ್ಕ ಹಾಗೆ ಹೊಂದಿಸ್ತಾರೆ.

ಫಾರ್ಮ್ ಕಟ್ಟೋರು ಮಾಡೋ ತಪ್ಪು ಹೆಚ್ಚುಕಡಿಮೆ ಮೂರೇ. ಸಮಯ ಉಳೀಲಿ ಅಂತ ಉತ್ತರ ಮೊದ್ಲೇ "ಕಷ್ಟ ಇಲ್ಲ" ಅಂತ ಆರಿಸಿಟ್ಟಿರೋದು, ಹುಡುಗ್ರು ನೆಕ್ಸ್ಟ್ ನೆಕ್ಸ್ಟ್ ಒತ್ತಿ ಮುಗಿಸ್ತಾರೆ. ಒಂದರಲ್ಲಿ ಕಷ್ಟ ಇದೆ ಅಂದ ಕೂಡ್ಲೇ ಉಳಿದ ಪ್ರಶ್ನೆ ಹಾರಿಸೋ ಹಾಗೆ ಮಾಡೋದು, ಆರೂ ಎಲ್ಲರಿಗೂ ಕೇಳ್ಬೇಕು. ಮತ್ತೆ "ಗೊತ್ತಿಲ್ಲ", "ಹೇಳಲ್ಲ ಅಂದ್ರು" ಅನ್ನೋಕೆ ಕೋಡೇ ಇಡದೆ ಇರೋದು. ಉತ್ತರಕ್ಕೆ 1ರಿಂದ 4, ಹೇಳಲ್ಲ ಅಂದ್ರೆ 7, ಗೊತ್ತಿಲ್ಲ ಅಂದ್ರೆ 9 ಅಂತ ಇಡಿ. ಈ ಎರಡನ್ನ ಓದಿ ಹೇಳ್ಬೇಡಿ, ಸ್ಕ್ರೀನಲ್ಲಿ ಇದ್ರೆ ಸಾಕು.

ಹಂತ 5: ಹುಡುಗ್ರಿಗೆ ಟ್ರೇನಿಂಗ್

ಅರ್ಧ ದಿನ ಸಾಲಲ್ಲ, ಕಡಿಮೆ ಅಂದ್ರೂ ಒಂದು ಪೂರ್ತಿ ದಿನ ಇಡಿ. ಸಾಧ್ಯ ಆದ್ರೆ ಅಂಗವೈಕಲ್ಯ ಇರೋರನ್ನೇ ಟೀಮಲ್ಲಿ ಸೇರ್ಸಿ, ಟ್ರೇನಿಂಗಲ್ಲಿ ಕೂರೋದ್ರಿಂದ ಹಿಡಿದು ಮನೆಗೆ ಹೋಗೋವರೆಗೆ ಉಳಿದವರ ಮಾತು ತಾನಾಗೇ ಸರಿ ಆಗ್ತದೆ.

ಕಲಿಸ್ಬೇಕಾದ್ದರಲ್ಲಿ ಮುಖ್ಯ, ಸರ್ವೇ ಮುಗಿಯೋವರೆಗೆ "ಅಂಗವಿಕಲ", "ವಿಕಲಚೇತನ", "ಹ್ಯಾಂಡಿಕ್ಯಾಪ್" ಅನ್ನೋ ಮಾತು ಬಾಯಲ್ಲಿ ಬರಬಾರ್ದು. ಪರಿಚಯ ಮಾಡ್ಕೊಳ್ಳೋವಾಗ್ಲೂ ಬೇಡ, ಫಾರ್ಮಿನ ತಲೆಬರಹದಲ್ಲೂ ಬೇಡ. ಆ ಮಾತು ಬಂದ ಕೂಡ್ಲೇ ಕೆಲವ್ರು ಮುಚ್ಚಿಡ್ತಾರೆ, ಮದುವೆ ವಯಸ್ಸಿನ ಹುಡುಗಿ ಇರೋ ಮನೇಲಂತೂ ಖಂಡಿತ. ಇನ್ನು ಕೆಲವ್ರು ಪಿಂಚಣಿ ಬಂತು ಅಂತ ಎಲ್ಲಕ್ಕೂ ಆಗೋದೇ ಇಲ್ಲ ಅಂತಾರೆ. ವಯಸ್ಸಾದೋರಿಗೆ "ಅದು ನಮಗಲ್ಲ, ಕಾಲಿಲ್ಲದವರಿಗೆ" ಅನ್ನಿಸ್ತದೆ.

ಎರಡನೇದು ಕಣ್ಣಲ್ಲಿ ನೋಡಿ ತುಂಬೋದು. "ಅವ್ರು ಬಾಗಿಲಿಗೆ ನಡ್ಕೊಂಡೇ ಬಂದ್ರಲ್ಲ ಸಾರ್, ಕೇಳೋದ್ಯಾಕೆ" ಅಂತ ಹುಡುಗ್ರು ಕೇಳೇ ಕೇಳ್ತಾರೆ. ಅಂಗಳದ ತುದಿವರೆಗೆ ಬಂದವರಿಗೆ ರೇಷನ್ ಅಂಗಡಿವರೆಗೆ ಹೋಗೋಕೆ ಆಗದೆ ಇರಬಹುದು. ಹಾಗೇ ಕಾಲು ಇಲ್ಲದವರಿಗೆ ಕೇಳೋಕೆ ಮುಜುಗರ ಆಗಿ ತಾವೇ 4 ಒತ್ತೋದೂ ತಪ್ಪು. ಕೇಳ್ಬೇಕು, ಅವ್ರು ಹೇಳಿದ್ದು ಒತ್ಬೇಕು.

ಇನ್ನು ಉತ್ತರ ಹೇಗೆ ಬರ್ತದೆ ಅಂತ ಒಂದು ನಮೂನೆ ನೋಡಿ, ಇದನ್ನ ಟ್ರೇನಿಂಗಲ್ಲಿ ಇಬ್ರನ್ನ ಎದುರು ಬದುರು ಕೂರ್ಸಿ ಆಡ್ಸಿ:

"ಅಜ್ಜಿ, ಕನ್ನಡಕ ಹಾಕ್ಕೊಂಡ್ರೂ ನೋಡೋಕೆ ನಿಮ್ಗೆ ಕಷ್ಟ ಆಗ್ತದಾ?"
"ಅಯ್ಯೋ ತಂಗಿ, ವಯಸ್ಸಾಯ್ತಲ್ಲೇ, ಎಲ್ಲರಿಗೂ ಹಂಗೇ ಅಲ್ದಾ."
"ವಯಸ್ಸಿಂದೇ ಇರ್ಲಿ ಅಜ್ಜಿ, ಕಷ್ಟ ಎಷ್ಟು ಅಂತ ಹೇಳಿ. ಇಲ್ವಾ, ಸ್ವಲ್ಪನಾ, ತುಂಬಾನಾ, ಕಾಣೋದೇ ಇಲ್ವಾ?"
"ಸೂಜಿಗೆ ದಾರ ಹಾಕೋಕೆ ಆಗೂದಿಲ್ಲ. ನಿನ್ನ ಮುಖ ಕಾಣ್ತದೆ, ಯಾರು ಅಂತ ತಿಳೀತದೆ. ಸ್ವಲ್ಪ ಅಂತ ಬರ್ಕೊ."

"ವಯಸ್ಸಾಯ್ತಲ್ಲ" ಅನ್ನೋದು ಉತ್ತರ ಅಲ್ಲ, ಅಲ್ಲಿಗೆ ನಿಲ್ಸಿ "ಕಷ್ಟ ಇಲ್ಲ" ಒತ್ತೋದೇ ಅತಿ ಹೆಚ್ಚು ಆಗೋ ತಪ್ಪು. ವಯಸ್ಸಿಂದ ಬಂದ ಕಷ್ಟನೂ ಕಷ್ಟನೇ, ಲೆಕ್ಕಕ್ಕೆ ಬರ್ತದೆ. ನಾಲ್ಕು ಉತ್ತರನೂ ಪ್ರತಿ ಸಲ ಓದಿ ಹೇಳ್ಬೇಕು, ಮತ್ತೆ ಆರಿಸೋದು ಅಜ್ಜಿ, "ಸ್ವಲ್ಪ ಅಂತ ಬರೀಲಾ" ಅಂತ ನೀವು ಮುಂದೆ ಹೋಗ್ಬೇಡಿ.

ಲೆಕ್ಕಕ್ಕೆ ಬರದೆ ಇರೋದೂ ಇದೆ. ಕೆಲಸದ ಒತ್ತಡಕ್ಕೆ ಮರೆವು, ಕುಡಿದಾಗಿನ ಮರೆವು ನಾಲ್ಕನೇ ಪ್ರಶ್ನೆಗೆ ಸೇರಲ್ಲ. ಬಚ್ಚಲಿಗೆ ನೀರು ದೂರದ ಬಾವಿಯಿಂದ ತರ್ಬೇಕು ಅನ್ನೋದು ಐದಕ್ಕೆ ಸೇರಲ್ಲ. ಮಳೆಗಾಲದಲ್ಲಿ ಸಂಕ (ಕಾಲುಸೇತುವೆ) ಕೊಚ್ಕೊಂಡು ಹೋಗಿ ನಡೆಯೋಕೆ ಕಷ್ಟ ಅನ್ನೋದು ಮೂರಕ್ಕೆ ಸೇರಲ್ಲ. ಅದಕ್ಕೇ ಪೀಠಿಕೆಲಿ "ಆರೋಗ್ಯದ ತೊಂದರೆಯಿಂದ" ಅಂತ ಇರೋದು, ಆ ಸಾಲು ಓದದೆ ಹಾರ್ಸಬಾರ್ದು.

ಹಂತ 6: ಚಿಕ್ಕದಾಗಿ ಪರೀಕ್ಷೆ

ಸರ್ವೇ ಮಾಡೋ ಊರು ಬಿಟ್ಟು ಪಕ್ಕದ ಊರಲ್ಲಿ ಹತ್ತಿಪ್ಪತ್ತು ಜನರ ಹತ್ರ ಕೇಳಿ. ಇಲ್ಲಿ ನೋಡ್ಬೇಕಾದ್ದು ಉತ್ತರ ಅಲ್ಲ, ಅವ್ರು ಪ್ರಶ್ನೆನ ಏನು ಅಂತ ತಿಳ್ಕೊಂಡ್ರು ಅನ್ನೋದು. ಉತ್ತರ ಕೊಟ್ಮೇಲೆ "ತುಂಬಾ ಕಷ್ಟ ಅಂದ್ರಲ್ಲ, ಯಾಕೆ ಹಾಗಂದ್ರಿ, ಏನು ನೆನಪಿಗೆ ಬಂತು" ಅಂತ ಕೇಳಿ. ಗಮನ ಇಡೋ ಪ್ರಶ್ನೆಗೆ "ಓದಿಲ್ಲ ನಾನು" ಅಂತ ಹೇಳಿದ್ರೆ, ಕಿವಿ ಮಿಷನ್ ಅಂದ್ರೆ ಮೊಬೈಲ್ ಇಯರ್‌ಫೋನ್ ಅಂದ್ಕೊಂಡ್ರೆ, ಪ್ರಶ್ನೆಯ ಮಾತು ತಿದ್ಬೇಕು. ತಿದ್ದಿದ್ಮೇಲೆ ಮತ್ತೆ ಐದಾರು ಜನರ ಹತ್ರ ನೋಡಿ. ಸರ್ವೇ ಶುರುವಾದ್ಮೇಲೆ ಮಾತ್ರ ಒಂದಕ್ಷರನೂ ಬದಲಿಸ್ಬೇಡಿ.

ಹಂತ 7: ಮನೆ ಬಾಗಿಲಲ್ಲಿ

ಯಾವಾಗ ಹೋಗ್ತೀರಿ ಅನ್ನೋದ್ರ ಮೇಲೆ ಯಾರು ಸಿಗ್ತಾರೆ ಅಂತ ನಿಂತಿರ್ತದೆ. ಕರಾವಳೀಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಬಂದ್, ಮೀನುಗಾರ ಗಂಡಸರು ಮನೇಲಿ ಸಿಗ್ತಾರೆ, ಆದ್ರೆ ಮಳೆ. ಶಿರಸಿ ಕಡೆ ಅಡಿಕೆ ಕೊಯ್ಲು ಶುರುವಾದ್ರೆ ಹಗಲು ಯಾರೂ ಕೂತು ಮಾತಾಡೋ ಸ್ಥಿತೀಲಿ ಇರಲ್ಲ, ಸಂಜೆ ಮೇಲೆ ಹೋಗಿ.

ಆದಷ್ಟು ಆಯಾ ಮನುಷ್ಯರ ಹತ್ರನೇ ಕೇಳಿ. ಜಗಲಿ ಮೇಲೆ ಕೂತ ಯಜಮಾನ್ರು ಎಲ್ಲರ ಪರವಾಗಿ "ನಮ್ಮಲ್ಲಿ ಯಾರಿಗೂ ಎಂತದೂ ಇಲ್ಲ" ಅಂತ ಒಂದೇ ಉಸಿರಲ್ಲಿ ಮುಗಿಸ್ತಾರೆ, ಒಳಗೆ ಸೊಸೆಗೆ ಕಿವಿ ಕೇಳ್ಸದೆ ಇರೋದು ಅವ್ರಿಗೆ ಕಷ್ಟ ಅನ್ನಿಸಿರೋದೇ ಇಲ್ಲ. ಸಿಗದೆ ಹೋದ್ರೆ, ಅಥವಾ ಅವ್ರಿಗೆ ಉತ್ತರ ಕೊಡೋಕೆ ಆಗದೆ ಇದ್ರೆ ಮಾತ್ರ ಬೇರೆಯವರ ಹತ್ರ ಕೇಳಿ, ಹಾಗೆ ಕೇಳಿದ್ದು ಅಂತ ಫಾರ್ಮಲ್ಲಿ ಗುರ್ತು ಹಾಕಿ. ಕಿವಿ ಕೇಳ್ಸದೋರ ಹತ್ರ ಆ ರಟ್ಟು ತೋರ್ಸಿ, ಬೇಕಾದ್ರೆ ಸಂಜ್ಞೆ ಭಾಷೆ ಬಲ್ಲವರನ್ನ ಕರ್ಕೊಂಡು ಹೋಗಿ, ಅವ್ರನ್ನ ಬಿಟ್ಟು ಪಕ್ಕದವರ ಕಡೆ ತಿರುಗಿ ಮಾತಾಡ್ಬೇಡಿ.

"ಇದ್ರಿಂದ ನಮ್ಗೆ ಎಂತ ಸಿಗ್ತದೆ ಅಕ್ಕೋರೆ" ಅಂತ ಕೇಳ್ತಾರೆ. ಇದ್ರಿಂದ ಪಿಂಚಣಿ ಬರಲ್ಲ, ಇರೋ ಪಿಂಚಣಿ ಹೋಗೋದೂ ಇಲ್ಲ ಅಂತ ಸ್ಪಷ್ಟ ಹೇಳಿ ಒಪ್ಪಿಗೆ ತಗೊಳ್ಳಿ. ಸರ್ವೇ ಮುಗಿದ ಮೇಲೆ ವಿಆರ್‌ಡಬ್ಲ್ಯು ಅವರ ನಂಬರ್ ಬರೆದ ಚೀಟಿ ಕೊಟ್ಟು ಬರಬಹುದು, ಮೊದ್ಲೇ ಕೊಡ್ಬೇಡಿ.

ಹಂತ 8: ದಿನಾ ಸಂಜೆ ನೋಡ್ಬೇಕಾದ ಅಪಾಯದ ಗುರ್ತು

ಊರು ಬಿಟ್ಟು ಬಂದ್ಮೇಲೆ ತಪ್ಪು ಸಿಕ್ಕಿ ಪ್ರಯೋಜನ ಇಲ್ಲ, ಅದೇ ದಿನ ನೋಡಿ.

ಒಬ್ಬ ಹುಡುಗನ ಫಾರ್ಮಲ್ಲಿ "ಸ್ವಲ್ಪ ಕಷ್ಟ" ಅನ್ನೋದೇ ಇಲ್ಲ, ಬರೀ ಇಲ್ಲ ಅಥವಾ ಆಗೋದೇ ಇಲ್ಲ ಇದೆ ಅಂದ್ರೆ ಅವ್ನು ಹೌದು-ಇಲ್ಲ ಮಾಡಿ ಕೇಳ್ತಿದ್ದಾನೆ. ಸಾಮಾನ್ಯವಾಗಿ ಸ್ವಲ್ಪ ಕಷ್ಟ ಅನ್ನೋರು ತುಂಬಾ ಕಷ್ಟ ಅನ್ನೋರಿಗಿಂತ ಎಷ್ಟೋ ಜಾಸ್ತಿ ಇರ್ತಾರೆ, ತಿರುಗಾ ಮುರುಗಾ ಬಂದ್ರೆ ಅನುಮಾನ ಪಡಿ. ಒಂದೇ ಮನೆ ಆರು ಜನಕ್ಕೂ ಒಂದೇ ಉತ್ತರ ಸಾಲಾಗಿ ಬಂದಿದ್ರೆ ಯಜಮಾನ್ರು ಹೇಳಿದ್ದು. 70 ದಾಟಿದವರಲ್ಲಿ ನಡೆಯೋಕೆ ಕಷ್ಟ ಅನ್ನೋರು 30ರ ವಯಸ್ಸಿನವರಷ್ಟೇ ಇದ್ರೆ "ವಯಸ್ಸಾಯ್ತಲ್ಲ" ಅನ್ನೋದನ್ನ ಇಲ್ಲ ಅಂತ ಒತ್ತಿದ್ದಾರೆ. ಆರು ಪ್ರಶ್ನೆಗೆ ಒಬ್ಬರಿಗೆ ಒಂದು ನಿಮಿಷ ಚಿಲ್ಲರೆ ಬೇಕು, ಹತ್ತು ಸೆಕೆಂಡಲ್ಲಿ ಮುಗಿದಿದ್ರೆ ಕೇಳಿಲ್ಲ. ಯಾರೋ ಒಬ್ಬ ಹುಡುಗಿ ಹೋದ ಊರಲ್ಲಿ ಮಾತ್ರ ಆರನೇ ಪ್ರಶ್ನೆಗೆ ಕಷ್ಟ ಜಾಸ್ತಿ ಬಂದ್ರೆ ಭಾಷೆ ನೋಡಿ.

ಹಂತ 9: ಲೆಕ್ಕ ಹಾಕೋದು

ಅಂತರರಾಷ್ಟ್ರೀಯ ಹೋಲಿಕೆಗೆ ಶಿಫಾರಸು ಆಗಿರೋ ಗೆರೆ ಒಂದೇ: ಆರರಲ್ಲಿ ಯಾವ್ದಾದ್ರೂ ಒಂದಕ್ಕೆ "ತುಂಬಾ ಕಷ್ಟ" ಅಥವಾ "ಆಗೋದೇ ಇಲ್ಲ" ಅಂದ್ರೆ ಅಂಗವೈಕಲ್ಯ ಇರೋ ಗುಂಪು, ಇಲ್ದಿದ್ರೆ ಇಲ್ಲದ ಗುಂಪು. ಆರು ಪ್ರಶ್ನೆದು ಅಂಕ ಕೂಡ್ಸಿ ಒಟ್ಟು 12 ದಾಟಿದ್ರೆ ಅಂತ ಮಾಡೋದು, ಸರಾಸರಿ ತೆಗೆಯೋದು, "ಸ್ವಲ್ಪ" ಎಲ್ಲಾ ಸೇರ್ಸಿ ನಂಬರ್ ದೊಡ್ಡದು ಮಾಡೋದು, ಇವ್ಯಾವೂ ನಡೆಯಲ್ಲ.

ಎಕ್ಸೆಲಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳ್ತಾರೆ. "3 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಹೌದು" ಅಂತ ಫಾರ್ಮುಲಾ ಬರೆದ್ರೆ 7, 9 ಕೋಡ್ ಇರೋರೆಲ್ಲ ಒಳಗೆ ಬಂದು ಬಿಡ್ತಾರೆ, ಉತ್ತರನೇ ಕೊಡದವರು ಅಂಗವೈಕಲ್ಯದ ಲೆಕ್ಕಕ್ಕೆ! ಕೌಂಟ್‌ಇಫ್ ಹಾಕಿ 3 ಎಷ್ಟು, 4 ಎಷ್ಟು ಅಂತ ಬೇರೆ ಬೇರೆ ಎಣಿಸಿ, ಕೂಡ್ಸಿ ಸೊನ್ನೆಗಿಂತ ಜಾಸ್ತಿ ಇದ್ರೆ 1 ಕೊಡಿ. ಆರಕ್ಕೂ 7 ಅಥವಾ 9 ಇದ್ರೆ ಆ ಸಾಲು ಖಾಲಿ ಬಿಡಿ, ಸೊನ್ನೆ ಹಾಕ್ಬೇಡಿ.

ಒಂದು ಲೆಕ್ಕ ಉದಾಹರಣೆಗೆ: 400 ಜನರ ಹತ್ರ ಕೇಳಿ 28 ಜನ ಆ ಗೆರೆ ದಾಟಿದ್ರೆ 7 ಪರ್ಸೆಂಟ್. ಆದ್ರೆ ಅಷ್ಟು ಸಣ್ಣ ಸ್ಯಾಂಪಲ್‌ಗೆ ಹೆಚ್ಚುಕಡಿಮೆ ಎರಡೂವರೆ ಆಚೆ ಈಚೆ ಇದ್ದೇ ಇರ್ತದೆ, ಅಂದ್ರೆ ನಾಲ್ಕೂವರೆಯಿಂದ ಒಂಬತ್ತೂವರೆ. ಕೇರಿ ಕೇರಿ ಆರಿಸಿ ಹೋಗಿದ್ರೆ ಇನ್ನೂ ಜಾಸ್ತಿ. ಆ 28 ಜನನ ಜಿಲ್ಲೆಯ 12 ತಾಲೂಕಿಗೆ ಹಂಚಿದ್ರೆ ತಾಲೂಕಿಗೆ ಇಬ್ರು ಚಿಲ್ಲರೆ, ಅದ್ರ ಮೇಲೆ "ಅಂಕೋಲಾಕ್ಕಿಂತ ಕುಮಟಾ ಮುಂದೆ" ಅಂತ ಬರೆದ್ರೆ ನಗೆಪಾಟಲು. ತಾಲೂಕುವಾರು ಬೇಕಂದ್ರೆ ಸ್ಯಾಂಪಲ್ ಮೊದ್ಲೇ ದೊಡ್ಡದು ಮಾಡಿ.

ಹಂತ 10: ವರದಿ ಬರೆಯೋವಾಗ

2011ರ ಜನಗಣತೀಲಿ ದೇಶದ ಲೆಕ್ಕ 2.21 ಪರ್ಸೆಂಟ್, ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 2018ರ ಸರ್ವೇಲಿ 2.2. ನಿಮ್ದು ಅದ್ರ ಎರಡು ಮೂರು ಪಟ್ಟು ಬಂದ್ರೆ ಆಫೀಸಲ್ಲಿ ಯಾರಾದ್ರೂ "ಇದು ತಪ್ಪು" ಅಂತ ತಿರುಗಿಸಿ ಕಳಿಸ್ತಾರೆ. ತಪ್ಪಾಗಿರ್ಬೇಕಂತ ಇಲ್ಲ. ಜನಗಣತೀಲಿ ಈ ವ್ಯಕ್ತಿಗೆ ಅಂಗವೈಕಲ್ಯ ಇದೆಯಾ ಅಂತ ನೇರ ಕೇಳಿ ಆಮೇಲೆ ವಿಧ ಬರೆಸಿದ್ದು, ನೀವು ಹಾಗೆ ಕೇಳಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 16 ಪರ್ಸೆಂಟ್ ಅನ್ನೋದೂ ಬೇರೆ ಥರದ ಅಂದಾಜು, ಅದ್ರ ಪಕ್ಕನೂ ನಿಮ್ಮ ನಂಬರ್ ಇಡ್ಬೇಡಿ. ಇಡೋದಾದ್ರೆ ಇದೇ ಆರು ಪ್ರಶ್ನೆ, ಇದೇ ಗೆರೆ ಬಳಸಿದ ಸರ್ವೇ ಪಕ್ಕ, ಅದೂ ವಯಸ್ಸಿನ ಗುಂಪು ಒಂದೇ ಇದ್ರೆ ಮಾತ್ರ.

ಬರೀ ಒಟ್ಟು ಪರ್ಸೆಂಟ್ ಕೊಟ್ಟು ನಿಲ್ಸಬೇಡಿ, ಅದು ಯಾರಿಗೂ ಅಷ್ಟು ಉಪಯೋಗ ಇಲ್ಲ. ಎರಡೂ ಗುಂಪಲ್ಲಿ ಶಾಲೆ ಮುಗಿಸಿದವರು ಎಷ್ಟು, ಕೂಲಿಗೆ ಹೋಗೋರು ಎಷ್ಟು ಅಂತ ಅಕ್ಕಪಕ್ಕ ಇಡಿ, ಗಂಡು ಹೆಣ್ಣು ಬೇರೆ ಮಾಡಿ. ಹಾಸ್ಟೆಲ್, ಆಶ್ರಮ, ಆಸ್ಪತ್ರೇಲಿ ಇರೋರು ಮನೆ ಸರ್ವೇಲಿ ಬಂದಿಲ್ಲ ಅಂತ ಒಂದು ಸಾಲು ಬರೀರಿ. ಹೆಸ್ರು, ಫೋನ್ ನಂಬರ್ ಇರೋ ಕಾಲಂ ಬೇರೆ ಫೈಲಿಗೆ ಹಾಕಿ ಬೀಗ ಹಾಕಿ, ಇಪ್ಪತ್ತು ಮನೆ ಮಜರೇಲಿ "ಕಣ್ಣು ಕಾಣದ ಹೆಂಗಸು, ವಯಸ್ಸು 34" ಅಂದ್ರೆ ಹೆಸ್ರೇ ಬೇಡ, ಊರಿಗೆಲ್ಲ ಗೊತ್ತಾಗ್ತದೆ, ಅಂಥ ಕಡೆ ಜಿಪಿಎಸ್ ಪಾಯಿಂಟೂ ಹೊರಗೆ ಕೊಡ್ಬೇಡಿ. ಮತ್ತೆ ನೀವು ಕೇಳಿದ ಪ್ರಶ್ನೆ ಯಾವ ಯಾವ ಭಾಷೇಲಿ ಹೇಗಿತ್ತು, ಎಷ್ಟು ಉತ್ತರ ಬೇರೆಯವರು ಕೊಟ್ಟಿದ್ದು ಅಂತ ವರದಿಯ ಹಿಂದೆ ಪೂರ್ತಿ ಹಾಕಿ, ಅದಿಲ್ದೆ ಮುಂದಿನ ಸಲ ಸರ್ವೇ ಮಾಡೋರಿಗೆ ನಿಮ್ಮ ನಂಬರ್ ಜೊತೆ ತಾಳೆ ನೋಡೋಕೆ ದಾರಿನೇ ಇರಲ್ಲ.